ಹಲ್ಲಮ್ಮನ ಹಿತ್ತಿಲು

ಜನವರಿ ೯

ಪೂಜ್ಯ ಅಮ್ಮನವರಿಗೆ ವಂದನೆಗಳು.

ತಮಗೆ ಫೋನಿನ ಮಾತಿನಲ್ಲಿ ನಂಬಿಕೆಯಿಲ್ಲವೆಂದೂ, ಮಗುವಿನ ಯೋಗಕ್ಷೇಮವನ್ನು ಕಾಗದದಲ್ಲಿಯೇ ತಿಳಿಸಬೇಕೆಂದೂ ಹೇಳಿ ಕಳಿಸಿದ್ದಿರಿ. ಅದರಂತೆ ಬರೆಯುತ್ತಿದ್ದೇನೆ. ದಂತವೈದ್ಯರ ಅಂಗಡಿಯ ಹಿಂದಿನ ಕೋಣೆಯಲ್ಲಿ ಕುಳಿತು ಹಲ್ಲಿನ ಸೆಟ್ಟು ಮಾಡುವ ಕೈ ಇದು. ಮೇಣವನ್ನು ಬಲ್ಲದು, ಪ್ಲಾಸ್ಟರನ್ನು ಬಲ್ಲದು. ಪತ್ರ ಬರೆದು ಅಭ್ಯಾಸವಿಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ಚಿಟಿಕೆ ಕ್ಷೇಮವಾಗಿದ್ದಾಳೆ. ಹೊಸ ಶಾಲೆಗೆ ತಕರಾರಿಲ್ಲದೆ ಹೋಗುತ್ತಾಳೆ. ಬಡಿಸಿದ್ದನ್ನು ಉಣ್ಣುತ್ತಾಳೆ, ತಟ್ಟೆ ತೊಳೆದು ಬೋರಲಿಡುತ್ತಾಳೆ. ನೀರು ಕುಡಿಯುವ ಮುಂಚೆ "ಕುಡೀಲಾ?" ಎಂದು ಕೇಳುತ್ತಾಳೆ. ನನ್ನನ್ನು ಏನೆಂದೂ ಕರೆಯುವುದಿಲ್ಲ. ಏನಾದರೂ ಬೇಕಿದ್ದರೆ ಬಂದು ಎದುರಿಗೆ ನಿಂತು, ನಾನು ತಲೆಯೆತ್ತುವವರೆಗೆ ಕಾಯುತ್ತಾಳೆ. ಎಂಟು ವರ್ಷದ ಮಗು ಇಷ್ಟು ಒಳ್ಳೆಯದಾಗಿದ್ದರೆ ಕಂಡವರಿಗೆ ಸಂತೋಷವಾಗಬೇಕು. ನನಗೆ ಎದೆ ಭಾರವಾಗುತ್ತದೆ. ಮನೆಗೊಬ್ಬಳು ಅತಿಥಿ ಬಂದಂತಿದೆ. ಅವಳ ಎದುರು ನಾನೂ ಅತಿಥಿಯಾಗಿಬಿಡುತ್ತೇನೆ. ಅವಳ ತಂದೆಗೆ ವಿದ್ಯುತ್ ಉಪಕೇಂದ್ರದಲ್ಲಿ ಪಾಳಿ ಕೆಲಸ. ಅವರಿಲ್ಲದ ಹೊತ್ತಿನಲ್ಲಿ ಮನೆಯಲ್ಲಿ ಇಬ್ಬರು ಅತಿಥಿಗಳು "ನೀವು ಮೊದಲು, ನೀವು ಮೊದಲು" ಎಂದುಕೊಂಡು ಓಡಾಡುತ್ತೇವೆ.

ಮನೆಯ ಹಿಂದೊಂದು ಹಿತ್ತಿಲಿದೆ. ಹಿತ್ತಿಲೆನ್ನುವುದಕ್ಕೆ ಸುತ್ತಲಿನ ಗೋಡೆಯಷ್ಟೇ ಸಾಕ್ಷಿ. ಒಳಗಿರುವುದು ಮನೆ ಕಟ್ಟಿದವರು ಬಿಟ್ಟುಹೋದ ಇಟ್ಟಿಗೆ ಚೂರು, ತುಕ್ಕು ಹಿಡಿದ ಮೊಳೆ, ಬಾಯಿಬಿಟ್ಟ ನೆಲ. ಬಿಸಿಲಂತೂ ಬಾಡಿಗೆ ಕೊಟ್ಟವರ ಹಾಗೆ ಬೆಳಿಗ್ಗೆ ಬಂದು ಕೂತರೆ ಸಂಜೆಯವರೆಗೆ ಏಳುವುದಿಲ್ಲ. ಮೊನ್ನೆ ಚಿಟಿಕೆ ಹಿಂಬಾಗಿಲಿನಲ್ಲಿ ನಿಂತು, "ಅಜ್ಜಿ ಮನೇಲಿ ಬಟಾಣಿ ಬಳ್ಳಿ ಇತ್ತು" ಎಂದಳು. ಇಲ್ಲಿಗೆ ಬಂದ ಮೇಲೆ ಕೇಳದೆ ಆಡಿದ ಮೊದಲ ಮಾತು ಅದು. "ಇಲ್ಲೂ ಹಾಕೋಣ್ವಾ?" ಎಂದೆ. "ನಿಮ್ಮಿಷ್ಟ" ಎಂದಳು.

ತಮ್ಮ ಮಗಳು ತೀರಿಕೊಂಡ ಮೇಲೆ ಇವಳನ್ನು ಎತ್ತಿ ಬೆಳೆಸಿದವರು ತಾವು. ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ತಾವು ಬಂದು, ಎಲ್ಲಿರುತ್ತೀಯೆಂದು ಅವಳನ್ನೇ ಕೇಳುವುದೆಂದೂ, ಅವಳು ಬರುತ್ತೇನೆಂದರೆ ಕರೆದುಕೊಂಡು ಹೋಗುವುದೆಂದೂ ಮಾತಾಗಿದೆ. ಆ ಮಾತಿಗೆ ನಾನು ಬದ್ಧಳು. ಅಷ್ಟರೊಳಗೆ ಈ ಹಿತ್ತಿಲಿನಲ್ಲಿ ಏನಾದರೂ ಹಸುರಾಗಲೆಂದು ಆಸೆ. ತೋಟದ ವಿದ್ಯೆ ತಮ್ಮದೆಂದು ಕೇಳಿದ್ದೇನೆ. ಹೇಗೆ ಆರಂಭಿಸಲಿ, ದಯವಿಟ್ಟು ತಿಳಿಸಬೇಕು.

ಇಂತಿ ತಮ್ಮ ವಿಧೇಯಳು,
ಚಿಟಿಕೆಯ ತಂದೆಯ ಹೆಂಡತಿ


ಜನವರಿ ೨೧

ಶ್ರೀಮತಿಯವರಿಗೆ,

ನಿಮ್ಮ ಪತ್ರ ತಲುಪಿತು. ಅಲ್ಲಲ್ಲಿ ತಪ್ಪುಗಳಿವೆ, ಅಕ್ಷರ ದುಂಡಗಿರುವುದರಿಂದ ಮನ್ನಿಸಿದ್ದೇನೆ. 'ಅಮ್ಮನವರು' ಬೇಡ. ಈ ಊರಿನ ಹುಡುಗರೂ, ಆ ಹುಡುಗರ ಮಕ್ಕಳೂ ನನ್ನನ್ನು ಟೀಚರ್ ಎನ್ನುತ್ತಾರೆ. ನೀವೂ ಹಾಗೆಯೇ ಎನ್ನಬಹುದು.

ಮಗು ಚೆನ್ನಾಗಿ ನಡೆದುಕೊಳ್ಳುತ್ತದೆಂದು ದೂರು ಕೊಟ್ಟವರನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡಿರಲಿಲ್ಲ. ಅವಳನ್ನು ಶಿಸ್ತಿನಲ್ಲಿ ಬೆಳೆಸಿದ್ದೇನೆ. ಅದು ಕಾಣುತ್ತಿದೆ, ಅಷ್ಟೆ.

ಇನ್ನು ತೋಟದ ವಿಷಯ. ತೋಟವೆಂದರೆ ಬಿಸಿಲು. ಇದನ್ನು ಮೊದಲು ಮನಸ್ಸಿನಲ್ಲಿ ಬರೆದುಕೊಳ್ಳಿ. ದಿನವಿಡೀ ಬಿಸಿಲು ಬೀಳುವ ಜಾಗವನ್ನೇ ಆರಿಸಬೇಕು. ಪಡುವಣಕ್ಕೆ ಮುಖಮಾಡಿದ ಗೋಡೆಯ ಬುಡವಾದರೆ ಉತ್ತಮ, ಗೋಡೆಯು ಹಗಲೆಲ್ಲ ಕುಡಿದ ಶಾಖವನ್ನು ಇರುಳಿನಲ್ಲಿ ಗಿಡಕ್ಕೆ ಹಂಚುತ್ತದೆ. ಮಣ್ಣನ್ನು ಮೊಣಕಾಲೆತ್ತರಕ್ಕೆ ಏರಿಸಿ ಮಡಿ ಮಾಡಬೇಕು. ನೀರು ನಿಂತಲ್ಲಿ ಬೇರು ಕೊಳೆಯುತ್ತದೆ. ಮಡಿಯ ಮೇಲೆ ಒಂದು ಕಸಕಡ್ಡಿಯೂ ಇರಕೂಡದು. ಬೋಳು ಮಣ್ಣು ಬೇಗ ಬೆಚ್ಚಗಾಗುತ್ತದೆ. ನೀರನ್ನು ಹೊತ್ತೇರಿದ ಮೇಲೆಯೇ ಹಾಕಬೇಕು. ನಸುಕಿನ ತಣ್ಣೀರು ಎಳೆಯ ಗಿಡಕ್ಕೆ ಶತ್ರು. ನಮ್ಮ ಶಾಲೆಯ ಕೈತೋಟ ಈ ಕ್ರಮದಲ್ಲಿಯೇ ಬೆಳೆದದ್ದು. ಅದನ್ನು ನೋಡಲು ಪಕ್ಕದೂರಿನ ಮಕ್ಕಳು ಸಾಲುಗಟ್ಟಿ ಬರುತ್ತಿದ್ದರು.

ಇದರೊಡನೆ ಕೋಸು, ನವಿಲುಕೋಸು ಮತ್ತು ಬಟಾಣಿಯ ಬೀಜಗಳನ್ನು ಕಳಿಸಿದ್ದೇನೆ. ಬಟಾಣಿ ಅಂಗಡಿಯದಲ್ಲ. ಚಿಟಿಕೆಯ ತಾಯಿ ಹುಡುಗಿಯಾಗಿದ್ದಾಗ ಬಿತ್ತಿದ ಬಳ್ಳಿಯಿಂದ ವರ್ಷ ವರ್ಷವೂ ಉಳಿಸಿಕೊಂಡು ಬಂದ ಬೀಜ. ಇದಕ್ಕಿಂತ ಹೆಚ್ಚು ಹೇಳುವ ಅಗತ್ಯವಿಲ್ಲ.

ಈ ಕಾಗದವನ್ನು ನನ್ನ ಜೊತೆಯಲ್ಲಿರುವ ತಂಗಿಗೆ ಓದಿ ಹೇಳಿದೆ. "ಅಕ್ಕಾ, ಪಾಪ, ಹೊಸಬಳಿಗೆ ಮೊದಲ ದಿನವೇ ಪರೀಕ್ಷೆ ಇಡ್ತಾರೇನೇ?" ಎಂದಳು. ನಾನು ಪರೀಕ್ಷೆ ಇಟ್ಟಿಲ್ಲ, ಪಾಠ ಹೇಳಿದ್ದೇನೆ. ಪರೀಕ್ಷೆ ಆಮೇಲೆ.

ಇಂತಿ,
ಟೀಚರ್


ಫೆಬ್ರವರಿ ೧೨

ಟೀಚರಿಗೆ ನಮಸ್ಕಾರಗಳು.

ತಾವು ಬರೆದದ್ದನ್ನು ಅಡಿಗೆಮನೆಯ ಗೋಡೆಗೆ ಅಂಟಿಸಿಕೊಂಡು ಒಂದೊಂದಾಗಿ ಮಾಡಿದ್ದೇವೆ. ಇಟ್ಟಿಗೆ ಚೂರು ಆಯ್ದು, ಮಣ್ಣು ಜರಡಿ ಹಿಡಿದು, ಪಡುವಣದ ಬಿಸಿಲು ನೇರವಾಗಿ ಬಡಿಯುವ ಗೋಡೆಯ ಬುಡದಲ್ಲಿ ಮಡಿ ಏರಿಸಿದೆವು. "ಮೊಣಕಾಲೆತ್ತರ ಅಂದ್ರೆ ಯಾರ ಮೊಣಕಾಲು? ಅಜ್ಜೀದಾ, ನಂದಾ?" ಎಂದು ಚಿಟಿಕೆ ಕೇಳಿದಳು. ಪಾಠ ಹೇಳಿದವರದೇ ಇರಬೇಕೆಂದು ತೀರ್ಮಾನಿಸಿದೆವು. ಅದರಿಂದ ಇನ್ನೂ ನಾಲ್ಕು ಬುಟ್ಟಿ ಮಣ್ಣು ಹೊರಬೇಕಾಯಿತು.

ಮಡಿಯ ಅಂಚಿಗೆ ಕಲ್ಲು ಸಾಲದಾಯಿತು. ನಮ್ಮ ಕೆಲಸದ ಕೋಣೆಯಲ್ಲಿ ರೋಗಿಗಳ ಬಾಯಿಯ ಅಚ್ಚು ತೆಗೆದು ಪ್ಲಾಸ್ಟರಿನಲ್ಲಿ ದವಡೆ ಎರಕ ಹೊಯ್ಯುತ್ತೇವೆ. ಸೆಟ್ಟು ಕೊಟ್ಟಾದ ಮೇಲೆ ಅವು ಕಸಕ್ಕೆ. ಅಂಥವನ್ನು ಒಂದು ಚೀಲ ತುಂಬಿ ತಂದೆ. ಚಿಟಿಕೆ ಅವನ್ನು ಹಲ್ಲು ಮೇಲಾಗಿ ಸಾಲಾಗಿ ನೆಟ್ಟಿದ್ದಾಳೆ. ಮುಂದಿನ ಎರಡು ಹಲ್ಲಿಲ್ಲದ್ದು 'ಹೆಡ್‌ಮಾಸ್ಟರು', ಉಬ್ಬುಹಲ್ಲಿನದು 'ಮೊಲದ ಚಿಕ್ಕಪ್ಪ', ಹಲ್ಲೇ ಇಲ್ಲದ್ದು 'ಪಾಪು'. ಮನೆಯ ಮಾಲೀಕರು ನೀರಿನ ತೊಟ್ಟಿ ನೋಡಲು ಬಂದವರು ಒಂದು ಹೆಜ್ಜೆ ಹಿಂದಕ್ಕೆ ಸರಿದು, "ಏನ್ರಮ್ಮಾ ಇದು, ಹಿತ್ಲೋ ಸ್ಮಶಾನವೋ?" ಎಂದರು. ಚಿಟಿಕೆ ಗಂಭೀರವಾಗಿ, "ಅವ್ರೆಲ್ಲ ಕಾವಲಿಗಿದಾರೆ. ಇಲಿ ಬಂದ್ರೆ ಕಚ್ತಾರೆ" ಎಂದಳು. ಅವರು ಹೋದ ಮೇಲೆ ನಾನು ನಕ್ಕೆ. ಅವಳೂ ನಕ್ಕಳು; ಕೂಡಲೇ ಬಾಯಿಗೆ ಕೈ ಅಡ್ಡ ಹಿಡಿದು, "ಸಾರಿ" ಎಂದಳು.

ಬಟಾಣಿ ಮೊಳೆತಿದೆ. ಮೊದಲು ಕಂಡವಳು ಅವಳೇ. ಶಾಲೆಯ ಚೀಲ ಇಳಿಸದೆ ಮಡಿಯ ಮುಂದೆ ನಿಂತಿದ್ದಳು. ನನ್ನನ್ನು ಕೂಗಲಿಲ್ಲ; ನಾನಾಗಿ ಹೊರಗೆ ಬರುವವರೆಗೆ ಕಾದು, ಬೆರಳು ತೋರಿಸಿದಳು.

ಒಂದು ಸಂಶಯ. ಮಧ್ಯಾಹ್ನ ಆ ಗೋಡೆಯನ್ನು ಮುಟ್ಟಿದರೆ ಕೈ ಚುರ್ರೆನ್ನುತ್ತದೆ. ಸಂಜೆಯ ಹೊತ್ತಿಗೆ ಮಡಿಯ ಮಣ್ಣು ಬೂದಿಯಂತಿರುತ್ತದೆ. ಸ್ವಲ್ಪ ನೆರಳು ಮಾಡಬಹುದೇ?

ಇಂತಿ,
ಚಿಟಿಕೆಯ ಮನೆಯವಳು


ಫೆಬ್ರವರಿ ೨೦ (ಕಾರ್ಡು)

ನೆರಳು ಬೇಡ. ನೆರಳಿನಲ್ಲಿ ಬೆಳೆದ ಬಟಾಣಿ ಬರೀ ಬಳ್ಳಿಯಾಗುತ್ತದೆ, ಕಾಯಿ ಕಟ್ಟುವುದಿಲ್ಲ. ಹೇಳಿದ್ದನ್ನು ಹೇಳಿದಂತೆ ಮಾಡಿ.

ಟೀಚರ್


ಮಾರ್ಚ್ ೬

ಟೀಚರಿಗೆ ನಮಸ್ಕಾರಗಳು.

ಚಿಟಿಕೆ ಆರೋಗ್ಯವಾಗಿದ್ದಾಳೆ. ಲೆಕ್ಕದ ಕಿರುಪರೀಕ್ಷೆಯಲ್ಲಿ ತರಗತಿಗೆ ಎರಡನೆಯವಳು. ಹಿತ್ತಿಲಿನಲ್ಲಿ ಎಲ್ಲವೂ ತಾವು ಹೇಳಿದ ಕ್ರಮದಲ್ಲಿಯೇ ನಡೆಯುತ್ತಿದೆ. ದವಡೆಗಳು ಕ್ಷೇಮ. ಈ ವಾರ ಸೆಟ್ಟುಗಳ ಕೆಲಸ ಹೆಚ್ಚು. ಪತ್ರ ಚಿಕ್ಕದಾಯಿತು, ಮನ್ನಿಸಬೇಕು.

ಇಂತಿ,
ಚಿಟಿಕೆಯ ಮನೆಯವಳು


ಮಾರ್ಚ್ ೧೬

ಭಾನುವಾರ ಚಿಟಿಕೆಯೊಡನೆ ಫೋನಿನಲ್ಲಿ ಮಾತಾಡುವಾಗ, "ಬಟಾಣಿ ಹೂ ಬಿಟ್ಟಿತೇನೇ?" ಎಂದು ಕೇಳಿದೆ. "ಎಲ್ಲಾ ಸುಟ್ಟೋಯ್ತು ಅಜ್ಜೀ" ಎಂದಳು. ಯಾವಾಗ ಎಂದರೆ, "ಹೋದ ತಿಂಗಳೇ" ಎಂದಳು.

ನಿನ್ನ ಕಾಗದವನ್ನು ಮತ್ತೆ ತೆಗೆದು ಓದಿದೆ. ದವಡೆಗಳು ಕ್ಷೇಮವೆಂದು ಬರೆದಿದ್ದೀಯೆ. ದವಡೆಗಳ ಕ್ಷೇಮವನ್ನು ನಾನು ವಿಚಾರಿಸಿರಲಿಲ್ಲ.

ತಪ್ಪು ಉತ್ತರ ಬರೆದ ಮಕ್ಕಳನ್ನು ನಾನೆಂದೂ ಶಿಕ್ಷಿಸಿದವಳಲ್ಲ. ಉತ್ತರ ತಪ್ಪಾದಾಗಲೇ ಪಾಠ ಶುರುವಾಗುವುದು. ಹೆಸರು ಬರೆದು ಖಾಲಿ ಹಾಳೆ ಕೊಟ್ಟವರನ್ನು ಮಾತ್ರ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದೆ. ನಿನ್ನದು ಖಾಲಿ ಹಾಳೆ. ಆ ಬೀಜ ಯಾರದೆಂದು ತಿಳಿದೂ ತಿಳಿದೂ ಖಾಲಿ ಹಾಳೆ ಕಳಿಸಿದೆ.

ತಂಪಿನಲ್ಲಿ ಬೆಳೆದದ್ದನ್ನು ಕಿತ್ತು ಉರಿಬಿಸಿಲಿಗೆ ಒಯ್ದರೆ ಏನಾಗುವುದೆಂದು ಕಣ್ಣಾರೆ ಕಂಡೆಯಲ್ಲ? ನಾನು ಬಟಾಣಿಯ ಮಾತನ್ನಷ್ಟೇ ಆಡುತ್ತಿಲ್ಲ. ಪರೀಕ್ಷೆ ಮುಗಿದೊಡನೆ ಹೊರಟು ಬರುತ್ತೇನೆ. ಮಗುವನ್ನು ಕೇಳುವ ಮಾತನ್ನು ಬಿಟ್ಟುಬಿಡೋಣ; ಎಂಟು ವರ್ಷದವಳಿಗೆ ತನ್ನ ಹಿತ ಏನು ತಿಳಿದೀತು? ಅವಳ ಬಟ್ಟೆಬರೆ ಕಟ್ಟಿಡು.

ಟೀಚರ್


ಮಾರ್ಚ್ ೨೪

ಟೀಚರಿಗೆ.

'ನೀನು' ಎಂದು ಬರೆದಿದ್ದೀರಿ. ಕೋಪದಲ್ಲಿ ಕೈತಪ್ಪಿ ಬಂದದ್ದಿರಬಹುದು; ಆದರೂ ಹಿಂದಕ್ಕೆ ತೆಗೆದುಕೊಳ್ಳಬೇಡಿ. ಬಹುವಚನದಲ್ಲಿ ಬೈಸಿಕೊಳ್ಳುವುದಕ್ಕಿಂತ ಇದು ಹಗುರ.

ಖಾಲಿ ಬಿಟ್ಟ ಹಾಳೆಯನ್ನು ಈಗ ತುಂಬುತ್ತೇನೆ. ಬಟಾಣಿ ಗೇಣುದ್ದ ಬೆಳೆದು ನಿಂತಿತು. ಮೊದಲು ಎಲೆಯ ಅಂಚು ಕಾಗದದಂತಾಯಿತು. ಮಧ್ಯಾಹ್ನವೆಲ್ಲ ಒದ್ದೆ ಬಟ್ಟೆಯ ಹಾಗೆ ಜೋತು ಬಿದ್ದು ಸಂಜೆಗೆ ತುಸು ತಲೆಯೆತ್ತುತ್ತಿತ್ತು; ಆಮೇಲೆ ಎತ್ತಲಿಲ್ಲ. ಏರಿಸಿದ ಮಡಿಯಿಂದ ನೀರು ಹಾಕಿದ ಹಾಗೆಯೇ ಇಳಿದುಹೋಗುತ್ತಿತ್ತು. ಗೋಡೆ ಹಗಲು ಬೇಯಿಸಿದ್ದನ್ನು ಇರುಳಿನಲ್ಲಿ ಒಣಗಿಸುತ್ತಿತ್ತು. ಕೋಸು ಮೊಳೆಯುವ ಧೈರ್ಯವನ್ನೇ ಮಾಡಲಿಲ್ಲ.

ಹೀಗಾಗುವುದೆಂದು ನನಗೆ ತಿಳಿದಿತ್ತು, ಟೀಚರ್. ನಾನು ಇದೇ ಬಿಸಿಲಿನಲ್ಲಿ ಹುಟ್ಟಿ ಬೆಳೆದವಳು. ಹೊತ್ತೇರಿದ ಮೇಲೆ ಇಲ್ಲಿ ಯಾರೂ ಗಿಡಕ್ಕೆ ನೀರು ಹಾಕುವುದಿಲ್ಲ. ಬರಿಗಾಲಿನಲ್ಲಿ ಅಂಗಳಕ್ಕೂ ಇಳಿಯುವುದಿಲ್ಲ. ಆದರೂ ತಾವು ಬರೆದದ್ದನ್ನು ಗೆರೆ ದಾಟದೆ ಮಾಡಿದೆ. ತಮ್ಮ ಮಾತು ಮೀರಿದವಳೆಂಬ ಹೆಸರು ಬಂದರೆ ಮಗು ಕೈಬಿಟ್ಟು ಹೋಗುತ್ತದೆಂಬ ಭಯ. ಮೀರಲಿಲ್ಲ, ಬಟಾಣಿ ಸತ್ತಿತು. ಸತ್ತ ಮೇಲೆ, ಆ ಬೀಜವನ್ನು ನಾನು ಉಳಿಸಲಿಲ್ಲವೆಂದು ತಮಗೇ ಹೇಗೆ ಬರೆಯಲಿ? ಪೆನ್ನು ಹಿಡಿದು ಕೂತಾಗಲೆಲ್ಲ ಲೆಕ್ಕದ ಕಿರುಪರೀಕ್ಷೆಯೇ ನೆನಪಾಗುತ್ತಿತ್ತು.

ಒಣಗಿದ ಬಳ್ಳಿಯನ್ನು ಕಿತ್ತ ದಿನ ಚಿಟಿಕೆ ನನ್ನ ಪಕ್ಕ ನಿಂತು, "ಪರವಾಗಿಲ್ಲ ಬಿಡಿ" ಎಂದಳು. ಅಡಿಗೆ ಸೀದು ಹೋದಾಗ ನೆಂಟರು ಹೇಳುತ್ತಾರಲ್ಲ, ಆ ದನಿಯಲ್ಲಿ. ತಮ್ಮ ಬೈಗುಳಕ್ಕಿಂತ ಅದು ಹೆಚ್ಚು ಚುಚ್ಚಿತು.

ಬೈಗುಳವೆಲ್ಲ ನನಗೆ ಸಲ್ಲುತ್ತದೆ. ಒಂದು ಮಾತನ್ನು ಮಾತ್ರ ಒಪ್ಪಲಾರೆ. ಮಗು ಬಟಾಣಿಯಲ್ಲ, ಟೀಚರ್. ಬಟಾಣಿಗೆ ಕಾಲೂ ಇಲ್ಲ, ಬಾಯಿಯೂ ಇಲ್ಲ. ಅವಳಿಗೆ ಎರಡೂ ಇವೆ. ಅವಳನ್ನು ಕೇಳುವುದೆಂದು ಮಾತಾಗಿತ್ತು, ಕೇಳಬೇಕು. ಬರುತ್ತೇನೆಂದು ಅವಳ ಬಾಯಿಂದಲೇ ಬಂದರೆ ಬಟ್ಟೆಬರೆಯನ್ನು ನಾನೇ ಮಡಚಿ ಕಟ್ಟುತ್ತೇನೆ, ನಿಲ್ದಾಣಕ್ಕೂ ನಾನೇ ಬಂದು ಬಿಡುತ್ತೇನೆ. ಈಗಲೇ ಕಟ್ಟುವುದಿಲ್ಲ.

ನಿನ್ನೆ ಸಲಿಕೆ ಹಿಡಿದು ಮಡಿಯನ್ನು ಕೆಡವಿದೆ. ಈ ಸಲ ಗೋಡೆಯಿಂದ ದೂರ, ಎಳೆಬಿಸಿಲು ಮಾತ್ರ ಚೆನ್ನಾಗಿ ಬೀಳುವ ಕಡೆ, ನೆಲವನ್ನು ತಗ್ಗಿಸಿ ಸುತ್ತ ಬದು ಕಟ್ಟಿ ತಟ್ಟೆಯಂಥ ಪಾತಿ ಮಾಡುತ್ತೇನೆ; ಹಾಕಿದ ನೀರು ಅಲ್ಲಿಯೇ ನಿಂತು ಇಂಗಲಿ. ಮಣ್ಣಿನ ಮೇಲೆ ಒಣಗಿದ ಎಲೆಗಳನ್ನು ದಪ್ಪಗೆ ಹೊದಿಸುತ್ತೇನೆ. ನೀರು ಸೂರ್ಯ ಹುಟ್ಟುವ ಮುಂಚೆ. ಬೆಂಡೆ, ಅಲಸಂದೆ, ಹರಿವೆ, ಹೀರೆ: ಬಿಸಿಲಿಗೆ ಹೆದರದವು. ಅಪ್ಪಣೆ ಕೇಳುತ್ತಿಲ್ಲ. ತಿಳಿಸುತ್ತಿದ್ದೇನೆ.

ಇಂತಿ,
ಸಹಿ ಏನು ಹಾಕಬೇಕೆಂದು ತಿಳಿಯದವಳು


ಏಪ್ರಿಲ್ ೨೦

ಟೀಚರಿಗೆ ನಮಸ್ಕಾರಗಳು.

ಉತ್ತರ ಬರಲಿಲ್ಲ. ಬರಬೇಕೆಂದು ಒತ್ತಾಯಿಸುವ ಹಕ್ಕು ನನಗಿಲ್ಲ. ಆದರೆ ಇಂದಿನ ಸಂಗತಿಯನ್ನು ತಮಗಲ್ಲದೆ ಬೇರೆ ಯಾರಿಗೆ ಬರೆದರೂ ಅವರಿಗೆ ಅರ್ಥವಾಗದು.

ಬೆಂಡೆ ನಾಲ್ಕೆಲೆ ಒಡೆದಿದೆ. ಹೀರೆ ಬಳ್ಳಿ, ಈಗ ಪಾತಿಯ ಬದುವಿಗೆ ಬಂದು ನಿಂತಿರುವ 'ಹೆಡ್‌ಮಾಸ್ಟರ'ರ ಬಾಯೊಳಗೆ ತಂತು ತೂರಿಸಿ ಹಿಡಿದುಕೊಂಡಿದೆ. ಆದರೆ ಈಚೆಗೆ ಬಿಸಿಲು ಕೆರಳಿದೆ. ಮಧ್ಯಾಹ್ನದ ಮೇಲೆ ಸೂರು ದಾಟಿ ಪಾತಿಗೂ ಬೀಳುತ್ತಿದೆ. ಒಂದು ಗೋಣಿ ಕಟ್ಟುತ್ತೇನೆಂದು ನಾನು ಹೇಳುತ್ತಲೇ ಇದ್ದೆ.

ಕೆಲಸ ಮುಗಿಸಿ ಬಂದರೆ ಚಿಟಿಕೆಯ ಕೋಣೆಯ ಕಿಟಕಿ ಅರ್ಧ ಬೋಳಾಗಿತ್ತು. ಅವಳು ಬರುವ ಮುಂಚೆ ನಾನು ಹಳದಿ ಬಟ್ಟೆ ತಂದು, ಅಂಚಿಗೆ ಪುಟ್ಟ ಹಕ್ಕಿ ಕಸೂತಿ ಹಾಕಿ, ಎರಡು ಪರದೆ ಹೊಲಿದಿದ್ದೆ. ಅವುಗಳಲ್ಲಿ ಒಂದು ಹಿತ್ತಿಲಿನ ತಂತಿಯಲ್ಲಿ ನೇತಾಡುತ್ತಿತ್ತು, ನಡುವೆ ಸರಿಯಾಗಿ ಎರಡು ತುಂಡಾಗಿ. ಚಿಟಿಕೆ ಕುರ್ಚಿಯ ಮೇಲೆ ನಿಂತು ಮೂಲೆಗೆ ಗಂಟು ಹಾಕುತ್ತಿದ್ದಳು.

ನಾನು ಅತಿಥಿ ಎನ್ನುವುದು ಮರೆತೇಹೋಯಿತು.

"ಏನೇ ಇದು! ಯಾರನ್ನ ಕೇಳಿ ಕತ್ತರಿಸ್ದೆ?"

"ಗಿಡಕ್ಕೆ ಬಿಸಿಲು ಬೀಳ್ತಿತ್ತು."

"ಬಿಸಿಲು ಬಿದ್ರೆ ಪರದೆ ಕತ್ತರಿಸ್ತಾರಾ? ಗೋಣಿ ಇರ್ಲಿಲ್ವಾ? ಹಳೇ ಚೀಲ ಇರ್ಲಿಲ್ವಾ? ಕಣ್ಣು ಕೆಂಪಾಗೋ ತನಕ ಹೊಲಿದಿದ್ದೆ ಕಣೇ ಅದನ್ನ, ನಿನಗೋಸ್ಕರ!"

"ನಾನೇನು ಹೊಲಿ ಅಂದಿದ್ನಾ? ಗೋಣಿ ಕಟ್ತೀನಿ ಕಟ್ತೀನಿ ಅಂತ ಬರೀ ಬಾಯಲ್ಲಿ ಹೇಳ್ತೀಯ! ಬಟಾಣಿ ಸತ್ತ ಹಾಗೆ ಇದೂ ಸಾಯ್ಲಿ ಅಂತಾನಾ? ನಿಂಗೆ ಬರೀ ಹಲ್ಲು ಗೊತ್ತು. ಹಲ್ಲಮ್ಮ! ಹಲ್ಲಮ್ಮ! ಹಲ್ಲಮ್ಮ!"

ಕುರ್ಚಿಯಿಂದ ಜಿಗಿದು ಒಳಗೆ ಓಡಿದಳು. ಬಾಗಿಲು ಬಡಿದ ರಭಸಕ್ಕೆ ಅಡಿಗೆಮನೆಯ ಲೋಟ ಉರುಳಿತು.

ಪಾಳಿ ಮುಗಿಸಿ ಆಗ ತಾನೇ ಬಂದ ಅವರು, "ಏನದು ಸದ್ದು?" ಎಂದರು. "ನಿಮ್ಮ ಮಗಳು ನನ್ನ ಹತ್ರ ಜಗಳ ಆಡಿದ್ಲು" ಎಂದೆ. ಅವರು ತಪ್ಪು ತಿಳಿದು, ಗದರಿಸಲೆಂದು ಒಳಗೆ ಹೊರಟರು. ಅಂಗಿ ಹಿಡಿದು ನಿಲ್ಲಿಸಿದೆ. "ಸುಮ್ನಿರ್ರೀ. ಇದೇ ಮೊದಲ್ನೇ ಸಲ."

ಸ್ವಲ್ಪ ಹೊತ್ತಿಗೆ ಅವಳೇ ಹೊರಬಂದಳು. ನೇರವಾಗಿ ಹೋಗಿ ಲೋಟ ತುಂಬಿಸಿ, ನನ್ನನ್ನೇ ದುರುಗುಟ್ಟಿ ನೋಡುತ್ತ ಗಟಗಟನೆ ನೀರು ಕುಡಿದಳು. ಕೇಳಲಿಲ್ಲ, ಟೀಚರ್. ಕುಡಿದು, "ಇನ್ನೊಂದು ಪರದೇನೂ ಬೇಕು. ಹೀರೆ ಬಳ್ಳಿಗೆ ಸಾಲಲ್ಲ" ಎಂದಳು. "ತಗೋ. ಕತ್ತರಿಸಿದ ಅಂಚನ್ನ ಮಾತ್ರ ನಾನು ಮಡಚಿ ಹೊಲೀತೀನಿ. ಇಲ್ಲದಿದ್ರೆ ಗಾಳಿಗೆ ಹರಿದೋಗುತ್ತೆ" ಎಂದೆ. "ಹಕ್ಕಿ ಇರೋ ಕಡೆ ಮೇಲೆ ಬರ್ಲಿ" ಎಂದಳು.

ಎಲೆಗಳ ಮೇಲೆ ಈಗ ಹಳದಿ ನೆರಳು. ಒಂದೂ ಬಾಡಿಲ್ಲ.

ಇಂತಿ,
ಹಲ್ಲಮ್ಮ


ಮೇ ೪

ಪ್ರೀತಿಯ ಅಜ್ಜಿಗೆ ಚಿಟಿಕೆ ಮಾಡುವ ನಮಸ್ಕಾರಗಳು.

ಚಿಕ್ಕಜ್ಜಿಗೂ ನಮಸ್ಕಾರಗಳು. ಈ ಕಾಗದ ನಾನೇ ಬರೀತಾ ಇದೀನಿ. ಹಲ್ಲಮ್ಮ ನೋಡಿಲ್ಲ. ಅವಳು ದಿನಾ ಕೆಲಸದಿಂದ ಬಂದ ಕೂಡ್ಲೆ ಬಾಗಿಲ ಡಬ್ಬಿಯಲ್ಲಿ ಕಾಗದ ಇದೆಯಾ ಅಂತ ನೋಡಿ, ಏನೂ ಇಲ್ಲ ಅಂತ ಮುಖ ಮಾಡ್ತಾಳೆ. ನಿಂಗೆ ಕೈ ನೋವಾ?

ಬೆಂಡೆ ಹೂ ಬಿಟ್ಟಿದೆ. ಹಳದಿ, ಒಳಗೆ ಕಡುಗೆಂಪು. ಹೀರೆಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಹಿಂದೆ ಪುಟಾಣಿ ಹೀರೇಕಾಯಿ ಇರತ್ತೆ. ಮೊದಲು ಬಂದ ಎರಡು ಉದುರಿ ಹೋಯ್ತು. ನಾನು ಅತ್ತೆ. ಹಲ್ಲಮ್ಮ ಹಲ್ಲಿಗೆ ಬಣ್ಣ ಹಾಕೋ ಸಣ್ಣ ಕುಂಚ ತಂದು ಗಂಡು ಹೂವಿನ ಪುಡಿ ತೆಗೆದು ಹೆಣ್ಣು ಹೂವಿಗೆ ಹಚ್ಚೋದು ತೋರಿಸಿದ್ಲು. ಈಗ ಅದು ನನ್ನ ಕೆಲಸ. ಹೀರೆ ಹೂ ಸಂಜೆ ಅರಳೋದು, ಅದಕ್ಕೆ ಸಂಜೆ ನಾನು ಎಲ್ಲಿಗೂ ಹೋಗಕ್ಕಾಗಲ್ಲ. ಅಪ್ಪನ ಕೈಗೆ ಕುಂಚ ಕೊಟ್ಟರೆ ಹೂವನ್ನೇ ಮುರೀತಾರೆ. ಕರೆಂಟಿನವರು ಅಲ್ವಾ.

ಬರಿಗಾಲಲ್ಲಿ ಹಿತ್ಲಿಗೆ ಹೋದ್ರೆ ಹಲ್ಲಮ್ಮ ಬೈತಾಳೆ. ನಾನೂ ಬೈತೀನಿ. ಅವಳು ಎಲೆ ಕೆಳಗೆ ಹುಳ ನೋಡೋದು ಮರೀತಾಳೆ.

ಪರೀಕ್ಷೆ ಮುಗೀತಲ್ಲ, ಇನ್ನು ನೀನು ಬರ್ತೀಯ ಅಂತ ಅಪ್ಪ ಹೇಳಿದ್ರು. ಬಾ. ಬೆಳಿಗ್ಗೆ ಬೇಗ ಎದ್ದರೆ ನೀರು ಹಾಕಕ್ಕೆ ಬಿಡ್ತೀನಿ. ಬರುವಾಗ ನನ್ನ ಬಣ್ಣದ ಪೆನ್ಸಿಲ್ ಡಬ್ಬಿ, ಮರದ ಬಾತುಕೋಳಿ, ಕಪಾಟಿನ ಕೆಳಗಿರೋ ನನ್ನ ಕಥೆ ಪುಸ್ತಕ ಎಲ್ಲಾ ತಗೊಂಡು ಬಾ. ಉಣ್ಣೆ ಸ್ವೆಟರ್ ತರಬೇಡ. ಇಲ್ಲಿ ಅದನ್ನ ಹಾಕ್ಕೊಂಡ್ರೆ ಬೆಂದು ಹೋಗ್ತೀನಿ. ಅಲ್ಲೇ ಗೂಟಕ್ಕೆ ನೇತು ಹಾಕಿರು. ಡಿಸೆಂಬರ್ ರಜಕ್ಕೆ ನಿನ್ನ ಮನೆಗೆ ಬಂದಾಗ ಬೇಕಾಗತ್ತೆ.

ಇಂತಿ ನಿನ್ನ ಮುದ್ದಿನ,
ಚಿಟಿಕೆ


ಮೇ ೧೩

ಹಲ್ಲಮ್ಮನಿಗೆ ಆಶೀರ್ವಾದಗಳು.

ನನ್ನ ಕೈಗೆ ಯಾವ ನೋವೂ ಇಲ್ಲವೆಂದು ಮಗುವಿಗೆ ತಿಳಿಸು. ಬರೆದೆ, ಹರಿದೆ, ಮತ್ತೆ ಬರೆದೆ, ಮತ್ತೆ ಹರಿದೆ. ಕೊನೆಗೆ ನನ್ನ ತಂಗಿ, "ಅಕ್ಕಾ, ಜನ್ಮವಿಡೀ ಬೇರೆಯವರ ತಪ್ಪಿನ ಮೇಲೆ ಕೆಂಪು ಶಾಯಿ ಸುರಿದೆಯಲ್ಲ, ನಿನಗೆ ಅಂತ ಒಂದು ತೊಟ್ಟು ಉಳಿಸ್ಕೋಬಾರದಿತ್ತಾ?" ಎಂದಳು. ಅವಳೊಡನೆ ಒಂದು ಹಗಲು ಮಾತು ಬಿಟ್ಟೆ. ಆದರೆ ಮಾತು ಸರಿಯಾಗಿತ್ತು.

ನಾನು ಹೇಳಿದ ಕ್ರಮ ತಪ್ಪಲ್ಲ. ಇಲ್ಲಿ ಬೆಳಗಿನ ಮಂಜು ಕರಗುವ ಹೊತ್ತಿಗೆ ಶಾಲೆಯ ಎರಡನೆಯ ಗಂಟೆ ಬಾರಿಸಿರುತ್ತದೆ. ಇಲ್ಲಿ ಬಿಸಿಲನ್ನು ಹಿಡಿದು ಕೂಡಿಡಬೇಕು. ಅಲ್ಲಿ ಅದನ್ನು ತಡೆದು ಬಾಗಿಲ ಹೊರಗೆ ನಿಲ್ಲಿಸಬೇಕು. ಎರಡೂ ಊರಿಗೆ ಒಂದೇ ಪಾಠ ಓದಿಸಿದ್ದು ನನ್ನ ತಪ್ಪು. ನೆರಳು ಮಾಡಬಹುದೇ ಎಂದು ನೀನು ಕೇಳಿದಾಗ ಅಲ್ಲಿ ಬಿಸಿಲು ಹೇಗಿದೆ ಎಂದು ನಾನು ಮರಳಿ ಕೇಳಬೇಕಾಗಿತ್ತು. ಕೇಳದೆ ಉತ್ತರ ಬರೆದೆ. ಆ ಕಾರ್ಡನ್ನೂ ಅಡಿಗೆಮನೆಯ ಗೋಡೆಗೆ ಅಂಟಿಸಿದ್ದರೆ ಕಿತ್ತು ಒಲೆಗೆ ಹಾಕು.

ಬಟಾಣಿಗಾಗಿ ಕೊರಗಬೇಡ. ನನ್ನ ಸೀಸೆಯಲ್ಲಿ ಇನ್ನೂ ಬೀಜವಿದೆ. ಅದನ್ನು ನಿನಗೆ ಕಳಿಸುವುದಿಲ್ಲ. ಅದರ ಜಾಗ ಇದು. ಡಿಸೆಂಬರಿಗೆ ಕಾಯಿ ಸಿಗುವ ಹಾಗೆ ನಾನೇ ಬಿತ್ತುತ್ತೇನೆ. ಬಿಡಿಸುವವಳು ಬರುತ್ತಾಳಂತಲ್ಲ.

ಅವಳ ಕಾಗದವನ್ನು ಅಭ್ಯಾಸಬಲದಿಂದ ಪೆನ್ನು ಹಿಡಿದೇ ಓದಿದೆ. ತಪ್ಪುಗಳಿಗೆ ಬರವಿಲ್ಲ. ಒಂದೊಂದನ್ನೂ ಗುರುತು ಮಾಡುತ್ತ ಬಂದೆ. 'ರಜಕ್ಕೆ ನಿನ್ನ ಮನೆಗೆ ಬಂದಾಗ' ಎಂಬಲ್ಲಿ ಕೈ ನಿಂತಿತು. ಪ್ರಶ್ನೆ ಕೇಳಲು ಇಷ್ಟು ದೂರ ಹೊರಟಿದ್ದೆ. ಕೇಳುವ ಮೊದಲೇ ಉತ್ತರ ಅಂಚೆಯಲ್ಲಿ ಬಂದು ಕೂತಿದೆ, ತಾನು ಉತ್ತರವೆಂದು ಅದಕ್ಕೇ ಗೊತ್ತಿಲ್ಲದ ಹಾಗೆ. ಆ ಸಾಲನ್ನು ತಂಗಿಗೆ ಓದಿ ಹೇಳಿದೆ. ಅವಳು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು. ನಾನು ಏಳಲಿಲ್ಲ. ನನಗೆ ಕೆಲಸವಿತ್ತು.

ಬರುವುದಂತೂ ಬರುತ್ತೇನೆ. ಪೆನ್ಸಿಲ್ ಡಬ್ಬಿ, ಬಾತುಕೋಳಿ, ಪುಸ್ತಕ ಕಟ್ಟಿಟ್ಟಿದ್ದೇನೆ. ಅವಳನ್ನು ನಾನು ಏನೂ ಕೇಳುವುದಿಲ್ಲ; ನೀವೂ ಆ ಮಾತನ್ನು ಅವಳ ಮುಂದೆ ಎತ್ತಬೇಡಿ. ನೀರು ಹಾಕಲು ಬಿಡುತ್ತಾಳಂತೆ, ಹಾಕಿ ಬರುತ್ತೇನೆ.

ಸ್ವೆಟರನ್ನು ಗೂಟದಿಂದ ಇಳಿಸಿ ನೋಡಿದೆ. ಈಗಲೇ ಗಿಡ್ಡವಾಗಿರಬೇಕು, ಡಿಸೆಂಬರಿಗೆ ಖಂಡಿತ ಆಗದು. ಅದಕ್ಕೆ ಮುಂಗೈಯಿಂದ ಬಿಚ್ಚಿ, ಅದೇ ಬಣ್ಣದ ಉಣ್ಣೆ ತಂದು, ತೋಳು ಉದ್ದ ಮಾಡುತ್ತಿದ್ದೇನೆ. ನನ್ನ ಹತ್ತಿರ ಇರುವುದು ಹಳೆಯ ಅಳತೆ. ಈಗಿನದು ನಿನ್ನ ಬಳಿ ಇದೆ. ಭುಜದಿಂದ ಮಣಿಕಟ್ಟಿನವರೆಗೆ ಒಂದು ದಾರ ಹಿಡಿದು ಅಳೆದು, ಆ ದಾರವನ್ನೇ ಲಕೋಟೆಯಲ್ಲಿ ಕಳಿಸು. ಬೆಳೆಯುವ ಮಗು, ಎರಡು ಬೆರಳು ಹೆಚ್ಚಿಗೆ ಬಿಡು. ಅಳೆಯುವಾಗ ಅವಳು ಎಂದೂ ನೆಟ್ಟಗೆ ನಿಂತವಳಲ್ಲ, ಕುಣಿಯುತ್ತಾಳೆ. ಗದರಿಸಿ ನಿಲ್ಲಿಸು.

ಇಂತಿ,
ನಿಮ್ಮಿಬ್ಬರ ಟೀಚರ್